ಬಟ್ಟೆ ಬುಟ್ಟಿಯೊಳಗೆ ಹುಡುಕಿದ ಪ್ರೀತಿ

‘ಅವನು ತುಂಬಾ ಪೊಸೆಸಿವ್ ಕಣೇ...’

ನಮ್ಮ ಹಾಸ್ಟೆಲಿನಲ್ಲಿ ಈ ಮಾತನ್ನು ದೂರಿನಂತೆ ಹೇಳುವವರು ಕಡಿಮೆ. ಹೇಳುವಾಗ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇರುತ್ತದೆ. ಹುಡುಗರದೂ ಅದೇ ಕಥೆ. ‘ನಾನು ಬೇರೆ ಹುಡುಗಿಯ ಫೋಟೊಗೆ ಲೈಕ್ ಒತ್ತಿದರೆ ಸಾಕು, ಎರಡು ದಿನ ಮಾತು ಬಿಡ್ತಾಳೆ ಮಗಾ’ ಎನ್ನುವವನ ಮುಖದಲ್ಲಿ ಬೇಸರಕ್ಕಿಂತ ಬಿಂಕವೇ ಹೆಚ್ಚು. ಹೊಟ್ಟೆಕಿಚ್ಚು ಜಾಸ್ತಿ ಇದ್ದಷ್ಟೂ ಪ್ರೀತಿ ಜಾಸ್ತಿ ಎಂಬ ಲೆಕ್ಕವೊಂದು ನಮ್ಮ ತಲೆಯಲ್ಲಿ ಹೇಗೋ ಕೂತುಬಿಟ್ಟಿದೆ. ಸಿನಿಮಾಗಳು ಹೇಳಿಕೊಟ್ಟದ್ದೂ ಬಹುಪಾಲು ಇದನ್ನೇ. ನಾಯಕಿಯತ್ತ ಇನ್ನೊಬ್ಬ ನೋಡಿದರೆ ನಾಯಕ ಕೈ ಎತ್ತಬೇಕು, ಹಿನ್ನೆಲೆಯಲ್ಲಿ ಸಂಗೀತ ಏಳಬೇಕು, ನಾವು ಶಿಳ್ಳೆ ಹೊಡೆಯಬೇಕು.

ನಾನು ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ. ಪಠ್ಯಕ್ಕೆ ಇಟ್ಟಿದ್ದ ಒಂದು ಹಾಸ್ಯ ನಾಟಕದಿಂದ ಶುರುವಾದ ಓದು, ಲೈಬ್ರರಿಯ ಕಪಾಟಿನಲ್ಲಿ ಸಾಲಾಗಿ ಸಿಕ್ಕ ಹಳೆಯ ಹಾಸ್ಯ ನಾಟಕಗಳ ಕಡೆ ಹೊರಳಿತು. ಗ್ರೀಸ್, ಇಂಗ್ಲೆಂಡ್, ಇಟಲಿ, ಫ್ರಾನ್ಸ್, ಕೊನೆಗೆ ನಮ್ಮ ಕಾಳಿದಾಸ. ಎಲ್ಲಿ ಹೋದರೂ ಒಬ್ಬರಾದರೂ ಅನುಮಾನದ ಪ್ರೇಮಿ ಇದ್ದೇ ಇರುತ್ತಾರೆ. ಬಾಗಿಲ ಸಂದಿಯಲ್ಲಿ ಇಣುಕುತ್ತಾರೆ, ಬೇರೆಯವರ ಕಾಗದ ಓದುತ್ತಾರೆ, ವೇಷ ಹಾಕುತ್ತಾರೆ, ಅಳುತ್ತಾರೆ, ಕೂಗಾಡುತ್ತಾರೆ. ಆ ನಾಟಕಕಾರರು ಯಾರೂ ಇವರಿಗೆ ಪ್ರೀತಿಯೇ ಇಲ್ಲ ಎನ್ನುವುದಿಲ್ಲ. ಪ್ರೀತಿ ಇದೆ, ಕೆಲವೊಮ್ಮೆ ಬೆಟ್ಟದಷ್ಟಿದೆ. ಆದರೆ ಅನುಮಾನವನ್ನು ಆ ಪ್ರೀತಿಯ ಅಳತೆಗೋಲು ಎಂದು ಒಪ್ಪಲು ಅವರು ತಯಾರಿಲ್ಲ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಅವರು ಆ ಅಳತೆಗೋಲನ್ನು ನೋಡಿ ನಗುತ್ತಲೇ ಬಂದಿದ್ದಾರೆ.

ಅವರು ನಕ್ಕದ್ದು ಯಾಕೆ? ನಾವೂ ನಗಬಹುದೇ? ಓದಿದ್ದರಲ್ಲಿ ಕೆಲವನ್ನು ನಿಮ್ಮ ಮುಂದಿಡುತ್ತೇನೆ.

ಒಂದೇ ಸುದ್ದಿ, ಇಬ್ಬರು ಗಂಡಂದಿರು

ಶೇಕ್ಸ್‌ಪಿಯರ್‌ನ ‘ದಿ ಮೆರ್ರಿ ವೈವ್ಸ್ ಆಫ್ ವಿಂಡ್ಸರ್’ ಮೊದಲು ಅಚ್ಚಾದದ್ದು 1602ರಲ್ಲಿ. ಅದರಲ್ಲಿ ಫಾಲ್‌ಸ್ಟಾಫ್ ಎಂಬ ದಢೂತಿ ಮುದುಕನಿದ್ದಾನೆ. ಕೈಯಲ್ಲಿ ಕಾಸಿಲ್ಲ, ಆಸೆಗೆ ಕೊರತೆಯಿಲ್ಲ. ಊರಿನ ಇಬ್ಬರು ಅನುಕೂಲಸ್ಥ ಗೃಹಿಣಿಯರಿಗೆ ಒಂದೇ ಒಕ್ಕಣೆಯ ಪ್ರೇಮಪತ್ರ ಬರೆಯುತ್ತಾನೆ, ಹೆಸರು ಮಾತ್ರ ಬೇರೆ. ಇಂದಿನ ಭಾಷೆಯಲ್ಲಿ ಹೇಳಬೇಕೆಂದರೆ ಕಾಪಿ ಪೇಸ್ಟ್. ಆ ಇಬ್ಬರೂ ಗೆಳತಿಯರು. ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಇವನಿಗೆ ಬುದ್ಧಿ ಕಲಿಸಲೇಬೇಕೆಂದು ತೀರ್ಮಾನಿಸುತ್ತಾರೆ.

ಇತ್ತ ಗಂಡಂದಿರ ಕಿವಿಗೂ ಸುದ್ದಿ ಬೀಳುತ್ತದೆ. ಹೇಳುವವರು ಫಾಲ್‌ಸ್ಟಾಫ್ ಕೆಲಸದಿಂದ ಓಡಿಸಿದ ಆಳುಗಳು. ಒಬ್ಬ ಫೋರ್ಡ್‌ಗೆ ಹೇಳುತ್ತಾನೆ, ಇನ್ನೊಬ್ಬ ಪೇಜ್‌ಗೆ. ಹೇಳುವವರ ಯೋಗ್ಯತೆಯೂ ಒಂದೇ, ಸುದ್ದಿಯೂ ಒಂದೇ. ಪೇಜ್ ತಲೆ ಕೊಡವಿ ನಗುತ್ತಾನೆ. ಆ ಮುದುಕ ನನ್ನ ಹೆಂಡತಿಯ ಬಳಿ ಹೋದರೆ ಅವಳಿಂದ ಬೈಗುಳದ ಹೊರತು ಇನ್ನೇನೂ ಸಿಗಲಾರದು ಎನ್ನುವುದು ಅವನ ಧೈರ್ಯ. ಫೋರ್ಡ್‌ಗೆ ಮಾತ್ರ ಆ ಕ್ಷಣದಿಂದ ನಿದ್ದೆಯಿಲ್ಲ.

ಅವನು ಮಾಡುವ ಕೆಲಸ ನೋಡಿ. ಮನೆಗೆ ಹೋಗಿ ಹೆಂಡತಿಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಎರಡು ನಿಮಿಷದ ಕೆಲಸ. ಅವಳು ಪತ್ರ ತೋರಿಸಿ ನಗುತ್ತಿದ್ದಳು. ಅದು ಬಿಟ್ಟು ‘ಬ್ರೂಕ್’ ಎಂಬ ಸುಳ್ಳು ಹೆಸರಿನಲ್ಲಿ ಫಾಲ್‌ಸ್ಟಾಫ್‌ನನ್ನು ಭೇಟಿಯಾಗುತ್ತಾನೆ. ಹಣದ ಚೀಲ ಮುಂದಿಟ್ಟು, ಫೋರ್ಡ್‌ನ ಹೆಂಡತಿಯನ್ನು ಒಲಿಸಿಕೊಂಡು ತೋರಿಸು ಎನ್ನುತ್ತಾನೆ. ಯಾವುದು ನಡೆಯಬಾರದೆಂದು ಹೆದರುತ್ತಿದ್ದಾನೋ ಅದನ್ನೇ ನಡೆಸಲು ಸ್ವಂತ ದುಡ್ಡು ಕೊಡುತ್ತಾನೆ! ಓದುವಾಗ ಜೋರಾಗಿ ನಕ್ಕೆ. ನಕ್ಕ ಮೇಲೆ ನೆನಪಾಯಿತು: ಸುಳ್ಳು ಹೆಸರಿನ ಅಕೌಂಟ್ ತೆರೆದು, ತನ್ನ ಹುಡುಗಿಗೆ ತಾನೇ ‘ಹಾಯ್’ ಕಳಿಸಿ, ಅವಳು ಉತ್ತರಿಸುತ್ತಾಳೋ ಇಲ್ಲವೋ ನೋಡುವ ಬ್ರೂಕ್‌ಗಳು ನಮ್ಮ ನಡುವೆಯೂ ಇದ್ದಾರೆ.

ಫಾಲ್‌ಸ್ಟಾಫ್ ಮನೆಗೆ ಬಂದ ದಿನ ಫೋರ್ಡ್ ಊರವರನ್ನೇ ಕಟ್ಟಿಕೊಂಡು ಶೋಧನೆಗೆ ನುಗ್ಗುತ್ತಾನೆ. ಗೃಹಿಣಿಯರು ಮುದುಕನನ್ನು ಕೊಳೆ ಬಟ್ಟೆಯ ದೊಡ್ಡ ಬುಟ್ಟಿಯೊಳಗೆ ತುರುಕಿರುತ್ತಾರೆ. ಆಳುಗಳು ಆ ಬುಟ್ಟಿ ಹೊತ್ತು ಫೋರ್ಡ್‌ನ ಎದುರೇ ದಾಟಿ ಹೋಗುತ್ತಾರೆ, ಥೇಮ್ಸ್ ನದಿಯ ದಂಡೆಯ ಕೆಸರಿಗೆ ಸುರಿಯುತ್ತಾರೆ. ಎರಡನೇ ಸಲ ಫೋರ್ಡ್ ಹುಷಾರು. ಬುಟ್ಟಿಯನ್ನೇ ಹಿಡಿದು, ಒಂದೊಂದೇ ಬಟ್ಟೆಯನ್ನು ಎಲ್ಲರೆದುರು ಎಸೆಯುತ್ತಾನೆ. ಈ ಸಲ ಬುಟ್ಟಿಯಲ್ಲಿ ಬಟ್ಟೆ ಮಾತ್ರ ಇದೆ. ಮುದುಕ ಹೆಂಗಸಿನ ವೇಷದಲ್ಲಿ ಅವನ ಮುಂದೆಯೇ ಇದ್ದಾನೆ. ಯಾವುದೋ ಮುದುಕಿ ಎಂದುಕೊಂಡು ಫೋರ್ಡ್ ಅವನಿಗೆ ಬಡಿದು ಹೊರಗಟ್ಟುತ್ತಾನೆ.

ಖಾಲಿ ಬುಟ್ಟಿ ನೋಡಿದ ಮೇಲೂ ಫೋರ್ಡ್‌ನ ಅನುಮಾನ ಹೋಗುವುದಿಲ್ಲ. ಈ ದೃಶ್ಯದ ತಿರುಳೇ ಅದು ಎಂದು ನನಗನ್ನಿಸಿತು. ಬುಟ್ಟಿಯಲ್ಲಿ ಇದ್ದರೆ ಸಾಕ್ಷಿ ಸಿಕ್ಕಿತು. ಇಲ್ಲದಿದ್ದರೆ ಇನ್ನೆಲ್ಲೋ ಬಚ್ಚಿಟ್ಟಿದ್ದಾಳೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕಾಲ್ ಲಿಸ್ಟ್ ಖಾಲಿ ಇದ್ದರೆ ‘ಡಿಲೀಟ್ ಮಾಡಿದ್ದೀಯ’ ಎನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆಯೇ, ನೀವೇ ಹೇಳಿ.

ಖಳನೇ ಇಲ್ಲದ ಜಗಳ

ಫೋರ್ಡ್‌ನ ಕಿವಿ ಊದಲು ಆಳುಗಳಾದರೂ ಇದ್ದರು. ಇಟಲಿಯ ಕಾರ್ಲೊ ಗೊಲ್ದೋನಿ ಅಷ್ಟನ್ನೂ ಇಟ್ಟುಕೊಳ್ಳಲಿಲ್ಲ. 1759ರಲ್ಲಿ ವೆನಿಸ್‌ನಲ್ಲಿ ರಂಗಕ್ಕೆ ಬಂದ ಅವನ ‘ಪ್ರೇಮಿಗಳು’ ನಾಟಕದಲ್ಲಿ ಚಾಡಿ ಹೇಳುವವರಿಲ್ಲ, ವೇಷ ಹಾಕುವವರಿಲ್ಲ. ಮಿಲಾನ್ ನಗರದ ಒಂದು ಮಧ್ಯಮ ವರ್ಗದ ಮನೆ, ಒಬ್ಬ ಹುಡುಗಿ, ಒಬ್ಬ ಹುಡುಗ. ಯುಜೀನಿಯಾ, ಫುಲ್ಜೆಂಜಿಯೊ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ. ಹಾಗಿದ್ದೂ ಮೂರು ಅಂಕಗಳುದ್ದಕ್ಕೂ ಜಗಳ, ರಾಜಿ, ಮತ್ತೆ ಜಗಳ.

ಜಗಳಕ್ಕೆ ಕಾರಣ ಫುಲ್ಜೆಂಜಿಯೊನ ಅತ್ತಿಗೆ. ಅಣ್ಣ ಕೆಲಸದ ಮೇಲೆ ದೂರದ ಊರಿಗೆ ಹೋಗಿದ್ದಾನೆ. ಅವನು ಬರುವವರೆಗೆ ಅತ್ತಿಗೆಯ ಯೋಗಕ್ಷೇಮ ತಮ್ಮನ ಹೊಣೆ. ಯುಜೀನಿಯಾಗೆ ಇದು ಸಹಿಸದು. ಅತ್ತಿಗೆಗೂ ತನಗೂ ನಡುವೆ ಆಯ್ಕೆ ಮಾಡು ಎನ್ನುವ ಹಟ. ಅತ್ತ ಹುಡುಗನಾದರೂ ನೆಟ್ಟಗಿದ್ದಾನೆಯೇ? ಅವಳ ಮನೆಗೆ ಅತಿಥಿಯಾಗಿ ಬಂದ ಕೌಂಟ್ ಒಬ್ಬ ಅವಳೊಡನೆ ನಾಲ್ಕು ಮಾತಾಡಿದರೆ ಇವನ ರಕ್ತ ಕುದಿಯುತ್ತದೆ. ಒಬ್ಬರು ಸಮಾಧಾನಕ್ಕೆ ಬಂದಾಗ ಇನ್ನೊಬ್ಬರು ಕೊಂಕು ಆಡುತ್ತಾರೆ. ಕೊಂಕಿಗೆ ಇವರು ಮುನಿದಾಗ ಅವರು ಅಳುತ್ತಾರೆ. ಕೊನೆಗೊಮ್ಮೆ ಯುಜೀನಿಯಾ ಬರೀ ಹಟಕ್ಕೆ ಬಿದ್ದು, ಬೇಡದ ಆ ಕೌಂಟ್‌ಗೇ ಮದುವೆಯ ಮಾತು ಕೊಟ್ಟುಬಿಡುತ್ತಾಳೆ. ಅಣ್ಣ ಊರಿಗೆ ಮರಳಿ, ಅತ್ತಿಗೆಯ ವಿಷಯ ತಿಳಿಯಾಗಿ, ಎಲ್ಲ ಸರಿಹೋಗುವ ಹೊತ್ತಿಗೆ ಓದುವ ನಮಗೇ ಸುಸ್ತು.

ನಾನು ಓದಿದ ಈ ನಾಟಕಗಳಲ್ಲಿ ನಮ್ಮ ಕ್ಯಾಂಪಸ್ಸಿಗೆ ತೀರಾ ಹತ್ತಿರದ್ದು ಇದೇ. ಇಲ್ಲಿ ಅನುಮಾನಕ್ಕೆ ಮೂರನೆಯವರ ಅಗತ್ಯವೇ ಇಲ್ಲ. ಇಬ್ಬರೂ ಒಬ್ಬರಿಗೊಬ್ಬರು ಪರೀಕ್ಷೆ ಇಡುತ್ತಿದ್ದಾರೆ. ‘ನನ್ನನ್ನು ನಿಜವಾಗಿ ಪ್ರೀತಿಸುವುದಾದರೆ ಅವಳ ಜೊತೆ ಹೋಗಬೇಡ’ ಎಂಬ ಪ್ರಶ್ನೆಪತ್ರಿಕೆ. ಅದರಲ್ಲಿ ಪಾಸಾದರೆ ಮುಗಿಯಿತೇ? ಇಲ್ಲ, ಮುಂದಿನ ಸೆಮಿಸ್ಟರ್ ಶುರು. ಸ್ಪರ್ಧಾತ್ಮಕ ಪರೀಕ್ಷೆಗಾದರೂ ಕೊನೆಗೊಂದು ಫಲಿತಾಂಶ ಬರುತ್ತದೆ. ಈ ಪರೀಕ್ಷೆಗೆ ಫಲಿತಾಂಶದ ದಿನಾಂಕವೇ ಇಲ್ಲ.

ನನಗೆ ಗೊತ್ತಿರುವ ಹುಡುಗಿಯೊಬ್ಬಳ ವಿಷಯ ಹೇಳುತ್ತೇನೆ. ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದು. ಒಂದು ಕೆಲಸದ ಮೊದಲ ಸುತ್ತು ಪಾಸಾಗಿ, ಎರಡನೇ ಸುತ್ತಿಗೆ ಬೆಂಗಳೂರಿಗೆ ಹೋಗಬೇಕಿತ್ತು. ಅದೇ ಸಂದರ್ಶನಕ್ಕೆ ಅವಳ ಸೀನಿಯರ್ ಒಬ್ಬನೂ ಹೊರಟಿದ್ದ, ಅದೇ ಬಸ್ಸಿಗೆ. ‘ಅವನ ಜೊತೆ ಹೋಗಬೇಡ’ ಎಂದ ಅವಳ ಹುಡುಗ. ಬೇರೆ ಬಸ್ಸಿಗೆ ಹೋಗುತ್ತೇನೆ ಎಂದಳು. ‘ಹೋಗಲೇಬೇಕಾ? ನನಗಿಂತ ಆ ಕೆಲಸವೇ ಹೆಚ್ಚಾಯಿತಾ?’ ಎಂದ. ಅವಳು ಹೋಗಲಿಲ್ಲ. ಪ್ರೀತಿ ಸಾಬೀತಾಯಿತು, ಜಗಳ ನಿಂತಿತು ಎಂದುಕೊಂಡಳು. ಎರಡು ತಿಂಗಳೊಳಗೆ ಫೋನಿನ ಪಾಸ್‌ವರ್ಡ್ ಕೇಳಿದ. ಆಮೇಲೆ ಲೈವ್ ಲೊಕೇಶನ್. ಈಗ ಅವರಿಬ್ಬರೂ ಜೊತೆಗಿಲ್ಲ. ಆ ಕೆಲಸ ಮಾತ್ರ ಬೇರೆ ಯಾರದೋ ಪಾಲಾಗಿದೆ. ಗೊಲ್ದೋನಿಯ ಪ್ರೇಮಿಗಳನ್ನು ನೋಡಿ ನಗುವಾಗ ಇವಳು ನೆನಪಾಗಿ ನಗು ಅರ್ಧಕ್ಕೇ ನಿಂತಿತು. ರಂಗದ ಮೇಲೆ ಮೂರನೇ ಅಂಕದಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ತಪ್ಪಿದ ಸಂದರ್ಶನಕ್ಕೆ ಮೂರನೇ ಅಂಕ ಇರುವುದಿಲ್ಲ.

ಕತ್ತರಿಸಿದ ಕೂದಲು

ಈ ವಿಷಯದಲ್ಲಿ ನಾನು ಓದಿದ ಅತ್ಯಂತ ಹಳೆಯ ನಾಟಕ ಗ್ರೀಸಿನದು. ಬರೆದವನು ಮೆನಾಂಡರ್, ಅಲೆಕ್ಸಾಂಡರ್ ಸತ್ತ ನಂತರದ ಕಾಲದವನು. ನಾಟಕದ ಹೆಸರಿನ ಅರ್ಥ ‘ಕೂದಲು ಕತ್ತರಿಸಿದ ಹುಡುಗಿ’. ಶತಮಾನಗಳ ಕಾಲ ಕಳೆದುಹೋಗಿದ್ದ ಇದರ ದೊಡ್ಡ ಭಾಗ 1905ರಲ್ಲಿ ಈಜಿಪ್ಟಿನಲ್ಲಿ ಪಪೈರಸ್ ಹಾಳೆಗಳಲ್ಲಿ ಸಿಕ್ಕಿತು. ಪೂರ್ತಿ ನಾಟಕ ಉಳಿದಿಲ್ಲ, ಆದರೆ ಕಥೆ ಗೊತ್ತಾಗುವಷ್ಟು ಇದೆ.

ಪೊಲೆಮಾನ್ ಎಂಬ ಸೈನಿಕ ಗ್ಲಿಕೆರಾ ಎಂಬ ಹುಡುಗಿಯೊಡನೆ ಕೊರಿಂತ್ ನಗರದಲ್ಲಿ ಬಾಳುತ್ತಿದ್ದಾನೆ. ಪಕ್ಕದ ಮನೆಯ ಯುವಕ ಅವಳ ಒಡಹುಟ್ಟಿದ ಅಣ್ಣ. ಹುಟ್ಟಿದಾಗಲೇ ಇಬ್ಬರನ್ನೂ ತೊರೆಯಲಾಗಿತ್ತು, ಬೇರೆ ಬೇರೆ ಮನೆಗಳಲ್ಲಿ ಬೆಳೆದರು. ಇದು ಅವಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಶ್ರೀಮಂತರ ಮನೆಯಲ್ಲಿ ಸುಖವಾಗಿರುವ ಅಣ್ಣನ ಬದುಕು ಕೆಡದಿರಲೆಂದು ಅವಳು ಗುಟ್ಟು ಬಿಡುವುದಿಲ್ಲ. ಒಂದು ಸಂಜೆ ಅವನು ಅವಳನ್ನು ಬಾಗಿಲಲ್ಲಿ ಅಪ್ಪಿಕೊಳ್ಳುತ್ತಾನೆ, ಅಣ್ಣನಲ್ಲವೇ ಎಂದು ಅವಳು ಸುಮ್ಮನಿರುತ್ತಾಳೆ. ಸುದ್ದಿ ಸೈನಿಕನಿಗೆ ಮುಟ್ಟುತ್ತದೆ. ವಿಚಾರಣೆಯಿಲ್ಲ, ಪ್ರಶ್ನೆಯಿಲ್ಲ. ಅವಳ ಕೂದಲನ್ನೇ ಕತ್ತರಿಸಿಬಿಡುತ್ತಾನೆ.

ಆಮೇಲೆ? ಗೆಳೆಯರ ನಡುವೆ ಮಲಗಿ ಅಳುತ್ತಾನೆ. ಮೇಲಂಗಿ ತರುವ ನೆಪದಲ್ಲಿ ಆಳನ್ನು ಮನೆಗೆ ಕಳಿಸುತ್ತಾನೆ. ಅವನಿಗೆ ಬೇಕಾದದ್ದು ಅಂಗಿಯಲ್ಲ, ಅವಳ ಸುದ್ದಿ. ಗ್ಲಿಕೆರಾ ಅಷ್ಟರಲ್ಲಿ ಆ ಮನೆ ಬಿಟ್ಟು ಪಕ್ಕದ ಮನೆಯ ಹೆಂಗಸಿನ ಆಶ್ರಯಕ್ಕೆ ಹೋಗಿರುತ್ತಾಳೆ. ತಿಳಿದೊಡನೆ ಸೈನಿಕ ಮನೆಗೆ ಮುತ್ತಿಗೆ ಹಾಕಲು ಹೊರಡುತ್ತಾನೆ, ಶತ್ರುಗಳ ಕೋಟೆಗೆ ಲಗ್ಗೆ ಇಡುವಂತೆ.

ಆಗ ಪಟೈಕೋಸ್ ಎಂಬ ಹಿರಿಯ ಅವನನ್ನು ತಡೆದು ಸಮಾಧಾನದಿಂದ ಮಾತಾಡುತ್ತಾನೆ. ಅವಳು ನಿನ್ನ ಧರ್ಮಪತ್ನಿಯಲ್ಲ, ತನ್ನ ಇಚ್ಛೆಗೆ ತಾನೇ ಒಡತಿ. ನೀನು ಅವಳ ಮನವೊಲಿಸಬಹುದು, ಅಷ್ಟೇ ನಿನ್ನ ಕೈಲಿರುವುದು. ಬಲ ಪ್ರಯೋಗಿಸಿದರೆ ತಪ್ಪಿತಸ್ಥ ನೀನೇ ಆಗುತ್ತೀಯ ಎಂಬುದು ಅವನ ಮಾತಿನ ಸಾರ. ಸೈನಿಕ ತತ್ತರಿಸುತ್ತಾನೆ. ತಾನೆಷ್ಟು ಪ್ರೀತಿಸುತ್ತಿದ್ದೆ ಎಂದು ತೋರಿಸಲು ಹಿರಿಯನನ್ನು ಒಳಗೆ ಕರೆದು, ಅವಳಿಗೆ ಕೊಡಿಸಿದ ಉಡುಪುಗಳನ್ನು ನೋಡಿ ಎಂದು ಗೋಗರೆಯುತ್ತಾನೆ. ಈ ಜಾಗದಲ್ಲಿ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಕೂದಲು ಕತ್ತರಿಸಿದ ಕೈಯೇ ಈಗ ಬಟ್ಟೆಗಳನ್ನು ಸವರುತ್ತಿದೆ.

ಕೊನೆಗೆ ಗುರುತಿನ ವಸ್ತುಗಳಿಂದ ಅಣ್ಣ ತಂಗಿಯರ ಸಂಬಂಧ ಬಯಲಾಗುತ್ತದೆ, ಆ ಹಿರಿಯನೇ ಅವರ ತಂದೆ ಎಂದೂ ಗೊತ್ತಾಗುತ್ತದೆ. ಗ್ಲಿಕೆರಾ ಕ್ಷಮಿಸುತ್ತಾಳೆ, ಮದುವೆ ನಡೆಯುತ್ತದೆ. ಇನ್ನು ಮುಂದೆ ಸೈನಿಕ ಎನ್ನುವುದನ್ನು ಮರೆತು, ದುಡುಕದೆ ಬಾಳು ಎಂದು ಮಾವ ಬುದ್ಧಿ ಹೇಳುತ್ತಾನೆ.

ಓದಿ ಮುಗಿಸಿದಾಗ ಒಂದು ಪ್ರಶ್ನೆ ಕಾಡಿತು. ಅಪ್ಪಿಕೊಂಡವನು ಅಣ್ಣನಲ್ಲದೇ ಹೋಗಿದ್ದರೆ? ಆಗ ಕೂದಲು ಕತ್ತರಿಸಿದ್ದು ಸರಿಯಾಗುತ್ತಿತ್ತೇ? ಉತ್ತರ ನಾಟಕದ ಕ್ರಮದಲ್ಲೇ ಇದೆ. ‘ಮನವೊಲಿಸಬಹುದು, ಅಷ್ಟೇ’ ಎಂಬ ಮಾತನ್ನು ಹಿರಿಯ ಹೇಳುವುದು ಗುಟ್ಟು ಬಯಲಾಗುವುದಕ್ಕೆ ಮೊದಲು. ಅವಳು ತನ್ನ ಮಗಳೆಂದೂ ಅವನಿಗೆ ಆಗ ತಿಳಿಯದು, ಆ ಯುವಕ ಯಾರೆಂದೂ ತಿಳಿಯದು. ಅಂದರೆ ಅವಳು ನಿರಪರಾಧಿ ಎಂದು ಸಾಬೀತಾದ ಕಾರಣಕ್ಕೆ ಸೈನಿಕ ತಪ್ಪಿತಸ್ಥನಾದದ್ದಲ್ಲ. ಅನುಮಾನ ನಿಜವೇ ಆಗಿದ್ದರೂ ಅವನ ಪಾಲಿಗೆ ಇದ್ದದ್ದು ಎರಡೇ ದಾರಿ: ಮಾತಾಡಿಸುವುದು, ಇಲ್ಲವೇ ಬಿಟ್ಟು ನಡೆಯುವುದು. ಪ್ರೀತಿ ನಿರಾಕರಿಸಿದ್ದಕ್ಕೆ, ಇನ್ನೊಬ್ಬನೊಡನೆ ಮಾತಾಡಿದ್ದಕ್ಕೆ ಹುಡುಗಿಯರ ಮೇಲೆ ಕೈ ಮಾಡುವ ಸುದ್ದಿಗಳನ್ನು ನಾವು ಈಗಲೂ ಓದುತ್ತಿದ್ದೇವೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಆ ಹಿರಿಯನ ಮಾತು ಇನ್ನೂ ಹಳತಾಗಿಲ್ಲ.

ಕಾರಣ ಇರುವ ಸಿಟ್ಟು

ಹಾಗಾದರೆ ಪ್ರೀತಿಯಲ್ಲಿ ಸಿಟ್ಟು ಮಾಡಲೇಬಾರದೇ? ಎಲ್ಲ ಅಸೂಯೆಯೂ ಹುಚ್ಚೇ? ಹಾಗೆಂದುಕೊಳ್ಳುವಾಗ ಕಾಳಿದಾಸನ ‘ಮಾಳವಿಕಾಗ್ನಿಮಿತ್ರ’ ಅಡ್ಡ ಬರುತ್ತದೆ.

ವಿದಿಶೆಯ ದೊರೆ ಅಗ್ನಿಮಿತ್ರನಿಗೆ ಧಾರಿಣಿ, ಇರಾವತಿ ಎಂಬ ರಾಣಿಯರಿದ್ದಾರೆ. ಅಷ್ಟಿದ್ದೂ ಚಿತ್ರದಲ್ಲಿ ಕಂಡ ಮಾಳವಿಕೆಗೆ ಮನಸೋಲುತ್ತಾನೆ. ಮೂರನೇ ಅಂಕದಲ್ಲಿ ಇರಾವತಿ ಮದ್ಯದ ಅಮಲಿನಲ್ಲಿ, ದೊರೆಯೊಡನೆ ಉಯ್ಯಾಲೆ ಆಡುವ ಆಸೆ ಹೊತ್ತು ಉದ್ಯಾನಕ್ಕೆ ಬರುತ್ತಾಳೆ. ಅಲ್ಲಿ ಅಶೋಕ ಮರದ ಕೆಳಗೆ ಅವನು ಮಾಳವಿಕೆಗೆ ಪ್ರೇಮ ನಿವೇದಿಸುತ್ತಿದ್ದಾನೆ. ಕಣ್ಣಾರೆ ಕಂಡು, ಕಿವಿಯಾರೆ ಕೇಳಿ, ಸೊಂಟದ ಡಾಬನ್ನೇ ಕಿತ್ತು ದೊರೆಗೆ ಹೊಡೆಯಲು ಎತ್ತುತ್ತಾಳೆ. ಅವನು ಕಾಲಿಗೆ ಬೀಳುತ್ತಾನೆ, ಅವಳು ತಿರುಗಿಯೂ ನೋಡದೆ ಹೊರಟುಹೋಗುತ್ತಾಳೆ.

ರಂಗದ ಮೇಲೆ ಇದು ನಗುವಿನ ದೃಶ್ಯ. ಆದರೆ ಇರಾವತಿಯ ಸಿಟ್ಟನ್ನು ಫೋರ್ಡ್‌ನ ಅನುಮಾನದ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಫೋರ್ಡ್ ಇಲ್ಲದ್ದನ್ನು ಹುಡುಕಿದ, ಇವಳು ಇದ್ದದ್ದನ್ನು ಕಂಡಳು. ಹಗ್ಗವನ್ನು ಹಾವೆಂದು ಹೆದರುವುದು ಬೇರೆ, ಹಾವನ್ನೇ ಹಾವೆನ್ನುವುದು ಬೇರೆ. ಮಾತು ಕೊಟ್ಟವರು ಮಾತು ಮುರಿದಾಗ ನೋವಾಗುವುದು ಸಹಜ, ಆ ನೋವನ್ನು ಹೇಳುವುದೂ ನ್ಯಾಯ. ‘ನೀನು ತುಂಬಾ ಅನುಮಾನದ ಪ್ರಾಣಿ’ ಎಂಬ ಒಂದೇ ಮಾತಿನಿಂದ ಎದುರಿನವರ ನಿಜವಾದ ಪ್ರಶ್ನೆಯನ್ನು ಹೊಸಕಿಹಾಕುವ ಅಗ್ನಿಮಿತ್ರರಿಗೂ ನಮ್ಮಲ್ಲಿ ಬರವಿಲ್ಲ.

ನಾಟಕದ ಕೊನೆಗೆ ಮಾಳವಿಕೆ ರಾಜಕುಮಾರಿ ಎಂದು ತಿಳಿದು, ಹಿರಿಯ ರಾಣಿ ಧಾರಿಣಿ ತಾನೇ ಅವಳ ಕೈಯನ್ನು ದೊರೆಯ ಕೈಗಿಡುತ್ತಾಳೆ. ಇರಾವತಿಯ ಒಪ್ಪಿಗೆ ದಾಸಿಯ ಬಾಯಲ್ಲಿ ಬರುತ್ತದೆ. ಆ ಕಾಲದ ಅರಮನೆಯಲ್ಲಿ ಅವಳಿಗೆ ಬೇರೆ ದಾರಿ ಇರಲಿಲ್ಲವೇನೋ. ಎಲ್ಲರಿಗೂ ಮಂಗಳವಾಗುವ ಆ ಗದ್ದಲದಲ್ಲಿ ನನ್ನ ಕಣ್ಣು ಹುಡುಕಿದ್ದು ಇರಾವತಿಯನ್ನೇ.

ಹರಿದ ಕಾಗದ

ಫ್ರಾನ್ಸಿನ ಮೊಲಿಯೇರ್ ಕನ್ನಡಿಗರಿಗೆ ಹೊಸಬನಲ್ಲ. ಎ.ಎನ್. ಮೂರ್ತಿರಾಯರ ‘ಆಷಾಢಭೂತಿ’ಯ ಮೂಲ ಅವನ ನಾಟಕವೇ. ಅವನಿಗೂ ಅಸೂಯೆ ಬಿಡದ ವಸ್ತು. 1661ರಲ್ಲಿ ಅವನು ಅಸೂಯೆಯ ರಾಜಕುಮಾರನೊಬ್ಬನ ಬಗ್ಗೆ ‘ದೋಂ ಗಾರ್ಸಿ’ ಎಂಬ ಗಂಭೀರ ನಾಟಕ ಬರೆದ. ಅದರಲ್ಲಿ ರಾಜಕುಮಾರನಿಗೆ ಪ್ರೇಯಸಿಯ ಕೈಬರಹದ ಅರ್ಧ ಹರಿದ ಕಾಗದ ಸಿಗುತ್ತದೆ. ಯಾವನಿಗೋ ಬರೆದ ಪ್ರೇಮಪತ್ರ ಎಂದು ಉರಿದುಬೀಳುತ್ತಾನೆ. ಉಳಿದರ್ಧ ಸೇರಿಸಿದಾಗ ಗೊತ್ತಾಗುತ್ತದೆ: ಅದು ಅವನಿಗೇ ಬರೆದದ್ದು! ಸ್ಕ್ರೀನ್‌ಶಾಟ್‌ನ ಅರ್ಧ ಭಾಗ ನೋಡಿ ಬ್ಲಾಕ್ ಮಾಡುವವರು ಇದನ್ನೊಮ್ಮೆ ಓದಬೇಕು.

ಆ ನಾಟಕ ಸೋತಿತು. ಮೊಲಿಯೇರ್ ಅದರ ಕೆಲವು ಸಾಲುಗಳನ್ನು ಎತ್ತಿಟ್ಟುಕೊಂಡು, ಐದು ವರ್ಷಗಳ ನಂತರ, 1666ರಲ್ಲಿ, ‘ಲ ಮಿಸಾಂತ್ರೋಪ್’ ಎಂಬ ಹಾಸ್ಯ ನಾಟಕದಲ್ಲಿ ಬಳಸಿದ. ಈ ಸಲ ಪ್ರೇಮಿ ರಾಜಕುಮಾರನಲ್ಲ. ಆಲ್ಸೆಸ್ಟ್ ಎಂಬ ನೇರ ನಡೆಯ ಮನುಷ್ಯ. ಜಗತ್ತಿನ ಬೂಟಾಟಿಕೆ ಕಂಡರೆ ಆಗದವನು ಮನಸ್ಸು ಕೊಟ್ಟದ್ದು ಮಾತ್ರ ಸೆಲಿಮೆನ್‌ಗೆ; ಸುತ್ತ ಸದಾ ಮೆಚ್ಚುಗರನ್ನು ಇಟ್ಟುಕೊಂಡ, ಎಲ್ಲರ ಬೆನ್ನ ಹಿಂದೆ ಚುಚ್ಚಿ ಮಾತಾಡುವ ಇಪ್ಪತ್ತರ ಚೆಲುವೆಗೆ. ಅವಳ ಪತ್ರವೊಂದು ಕೈಗೆ ಸಿಕ್ಕಾಗ ಸಿಡಿಲಿನಂತೆ ಎರಗುತ್ತಾನೆ. ಅದನ್ನು ಒಬ್ಬ ಹೆಂಗಸಿಗೆ ಬರೆದಿದ್ದರೆ ಎಂದು ಅವಳು ತಣ್ಣಗೆ ಕೇಳಿ, ವಿವರಣೆ ಕೊಡಲು ಒಪ್ಪುವುದೇ ಇಲ್ಲ. ಆಗ ಅವನು ಒಮ್ಮೆಲೇ ಕುಸಿಯುತ್ತಾನೆ. ಸತ್ಯವನ್ನೇ ವ್ರತ ಮಾಡಿಕೊಂಡವನು, ನಿಷ್ಠೆಯಿಂದ ಇರುವವಳಂತೆ ಕಾಣಿಸಿಕೊಂಡರೂ ಸಾಕು, ನಂಬಲು ಪ್ರಯತ್ನಿಸುತ್ತೇನೆ ಎಂದು ಬೇಡುವ ಮಟ್ಟಕ್ಕೆ ಇಳಿಯುತ್ತಾನೆ.

ಪ್ರದರ್ಶನದಲ್ಲಿ ಆಲ್ಸೆಸ್ಟ್ ಆಗಿ ನಿಂತವನು ಮೊಲಿಯೇರನೇ. ಸೆಲಿಮೆನ್ ಆಗಿದ್ದವಳು ಅವನ ಹೆಂಡತಿ, ಅವನಿಗಿಂತ ಬಹಳ ಚಿಕ್ಕವಳಾದ ಆರ್ಮಾಂಡ್ ಬೆಜಾರ್. ಮನೆಯಲ್ಲಿ ಏನಿತ್ತೋ ನಾವು ಊಹಿಸುವುದು ಬೇಡ. ಆ ಪಾತ್ರವನ್ನು ತಾನೇ ಹೊತ್ತು ಜನರನ್ನು ನಗಿಸಲು ಮಾತ್ರ ಎದೆಗಾರಿಕೆ ಬೇಕು.

ಕೊನೆಯಲ್ಲಿ ಸೆಲಿಮೆನ್‌ಳ ಪತ್ರಗಳು ಎಲ್ಲರೆದುರು ಓದಲ್ಪಡುತ್ತವೆ. ಮೆಚ್ಚುಗರೆಲ್ಲ ಜಾಗ ಖಾಲಿ ಮಾಡುತ್ತಾರೆ, ಆಲ್ಸೆಸ್ಟ್ ಒಬ್ಬ ಉಳಿಯುತ್ತಾನೆ. ಕ್ಷಮಿಸುತ್ತೇನೆ, ಆದರೆ ಈ ಜನರನ್ನೆಲ್ಲ ಬಿಟ್ಟು ನನ್ನೊಡನೆ ಏಕಾಂತಕ್ಕೆ ಬಾ ಎನ್ನುತ್ತಾನೆ. ಮದುವೆಗೆ ಸಿದ್ಧ, ಇಪ್ಪತ್ತರ ಪ್ರಾಯದಲ್ಲಿ ಏಕಾಂತವಾಸಕ್ಕಲ್ಲ ಎನ್ನುತ್ತಾಳೆ ಅವಳು. ಅವನು ಅವಳನ್ನೇ ಬಿಡುತ್ತಾನೆ. ಸೆಲಿಮೆನ್ ಸಾಚಾ ಅಲ್ಲ, ಒಪ್ಪೋಣ. ಆದರೆ ಜಗತ್ತನ್ನೆಲ್ಲ ಬಿಟ್ಟರೆ ಮಾತ್ರ ನಿನ್ನನ್ನು ನಂಬುತ್ತೇನೆ ಎನ್ನುವ ಷರತ್ತಿನಲ್ಲಿ ನಂಬಿಕೆ ಎಷ್ಟಿದೆ? ಗೆಳತಿಯರನ್ನು ಬಿಡು, ಗ್ರೂಪ್‌ನಿಂದ ಹೊರಗೆ ಬಾ, ಫೋಟೊ ಹಾಕಬೇಡ ಎನ್ನುವವರು ಕೇಳುತ್ತಿರುವುದೂ ಅದೇ ಏಕಾಂತವನ್ನು.

ನಗುವುದು ಯಾಕೆ?

ಇಷ್ಟೆಲ್ಲ ನೋವಿದ್ದೂ ಇವು ಹಾಸ್ಯ ನಾಟಕಗಳು ಹೇಗಾದವು? ಶೇಕ್ಸ್‌ಪಿಯರ್‌ನ ‘ಒಥೆಲೊ’ ನೆನಪಿಸಿಕೊಳ್ಳಿ. ಬಸವಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ ಎಂದು ಕನ್ನಡಕ್ಕೆ ತಂದ ಆ ದುರಂತ ನಾಟಕದ ಸರಕೂ ಇದೇ. ಇಲ್ಲಿ ಬಟ್ಟೆ ಬುಟ್ಟಿ, ಅಲ್ಲಿ ಒಂದು ಕರವಸ್ತ್ರ. ಫೋರ್ಡ್ ಮತ್ತು ಒಥೆಲೊ ಇಬ್ಬರೂ ಹೆಂಡತಿಯ ಮಾತಿಗಿಂತ ಹೊರಗಿನವರ ಮಾತನ್ನು ನಂಬಿದವರು. ಒಥೆಲೊಗೆ ಸತ್ಯ ಗೊತ್ತಾಗುವಾಗ ಹೆಂಡತಿ ಹೆಣವಾಗಿದ್ದಳು. ಫೋರ್ಡ್‌ಗೆ ಗೊತ್ತಾಗುವಾಗ ಅವನ ಹೆಂಡತಿ ಎದುರೇ ನಿಂತಿದ್ದಳು, ನಗುತ್ತಿದ್ದಳು. ಹಾಸ್ಯಕ್ಕೂ ದುರಂತಕ್ಕೂ ನಡುವೆ ಇರುವುದು ಅಷ್ಟೇ ಅಂತರ, ಸತ್ಯ ಯಾವಾಗ ಬಂತು ಎಂಬುದು.

ಇನ್ನೊಂದು ಕಾರಣವೂ ಇದೆ. ಪ್ರೇಕ್ಷಕರಾದ ನಮಗೆ ಬುಟ್ಟಿಯಲ್ಲಿ ಯಾರಿದ್ದಾರೆ, ಬಾಗಿಲಲ್ಲಿ ಅಪ್ಪಿಕೊಂಡವನು ಯಾರು ಎಲ್ಲವೂ ಮೊದಲೇ ಗೊತ್ತು. ಮೆನಾಂಡರ್ ಅಂತೂ ‘ಅಜ್ಞಾನ’ ಎಂಬ ದೇವತೆಯನ್ನೇ ರಂಗಕ್ಕೆ ತಂದು ನಿಜ ಸಂಗತಿ ಹೇಳಿಸುತ್ತಾನೆ. ಹಾಗಾಗಿ ಅನುಮಾನಿಸುವವನ ಆರ್ಭಟ ನಮಗೆ ತಮಾಷೆ. ಬದುಕಿನಲ್ಲಿ ನಮಗೆ ಆ ಗ್ಯಾಲರಿಯ ಸೀಟು ಸಿಗುವುದಿಲ್ಲ. ಬಾಗಿಲ ಹಿಂದೆ ಏನಿದೆಯೆಂದು ನಮಗೆ ಕಾಣದು. ಹಳೆಯ ನಾಟಕಗಳು ಒಮ್ಮೆಯಾದರೂ ಆ ಸೀಟಿನಲ್ಲಿ ಕೂರಿಸಿ, ನಮ್ಮ ಆರ್ಭಟ ಹೊರಗಿನವರಿಗೆ ಹೇಗೆ ಕಾಣುತ್ತದೆ ಎಂದು ತೋರಿಸುತ್ತವೆ.

ಅನುಮಾನ ಬರುವುದನ್ನು ಯಾರೂ ತಡೆಯಲಾರರು. ಅದು ಹಸಿವು, ಭಯ ಬಂದ ಹಾಗೆ ಬರುತ್ತದೆ. ಬಂದ ಮೇಲೆ ಏನು ಮಾಡುತ್ತೇವೆ ಎನ್ನುವುದು ನಮ್ಮ ಕೈಲಿದೆ. ಈ ನಾಟಕಗಳನ್ನು ಓದಿದ ಮೇಲೆ ನನಗೆ ತೋಚಿದ್ದು ಇಷ್ಟು. ಒಂದು, ಬುಟ್ಟಿ ಹುಡುಕುವುದಕ್ಕಿಂತ ಬಾಯಿಬಿಟ್ಟು ಕೇಳುವುದು ಸುಲಭ, ಮರ್ಯಾದೆಯೂ ಹೌದು. ಎರಡು, ಕೇಳಿದ ಮೇಲೆ ಬಂದ ಉತ್ತರವನ್ನು ನಂಬಬೇಕು. ನಂಬಲು ಆಗದಿದ್ದರೆ ಹೊರಟುಬಿಡಬೇಕು. ನಡುವೆ ನಿಂತು ಕಾವಲು ಕಾಯುವ ಕೆಲಸಕ್ಕೆ ಪ್ರೀತಿ ಎಂದು ಹೆಸರಿಡಬಾರದು. ಮೂರು, ನಿಮ್ಮನ್ನು ಯಾರಾದರೂ ಹಾಗೆ ಕಾವಲು ಕಾಯುತ್ತಿದ್ದರೆ ಅದನ್ನು ಹೆಮ್ಮೆಯ ಸಂಗತಿ ಎಂದುಕೊಳ್ಳಬೇಡಿ. ಗ್ಲಿಕೆರಾ ಪಕ್ಕದ ಮನೆಗೆ ಹೋದಳು. ನೀವೂ ಗೆಳತಿಯರ ಬಳಿ, ಅಮ್ಮನ ಬಳಿ, ನಂಬಿಕೆಯ ಮೇಷ್ಟ್ರ ಬಳಿ ಹೋಗಿ ಹೇಳಿಕೊಳ್ಳಬಹುದು. ಹೊರಡಬೇಕಾದ ಬಸ್ಸಿಗೆ ಹೊರಡಬಹುದು.

ವಿಂಡ್ಸರ್‌ನಲ್ಲಿ ಕೊನೆಗೆ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಗೃಹಿಣಿಯರು ಎಲ್ಲವನ್ನೂ ಗಂಡಂದಿರಿಗೆ ಬಿಡಿಸಿ ಹೇಳುತ್ತಾರೆ. ಫೋರ್ಡ್ ನಾಚಿ, ಹೆಂಡತಿಯ ಕ್ಷಮೆ ಕೇಳಿ, ಇನ್ನೆಂದೂ ಸಂಶಯಿಸುವುದಿಲ್ಲ ಎಂದು ಉದ್ದುದ್ದ ಹೊಗಳಲು ತೊಡಗುತ್ತಾನೆ. ಆಗ ಪೇಜ್ ಅವನನ್ನು ತಡೆದು, ತಪ್ಪು ಮಾಡುವಾಗ ಅತಿ ಮಾಡಿದೆ, ಶರಣಾಗುವಾಗಲೂ ಅತಿ ಮಾಡಬೇಡ ಎನ್ನುತ್ತಾನೆ. ಪೇಜ್ ಕೂಡ ಪರಿಪೂರ್ಣನೇನಲ್ಲ. ಹೆಂಡತಿಯನ್ನು ನಂಬಿದ ಅವನು ಮಗಳ ಮದುವೆಯ ವಿಷಯದಲ್ಲಿ ಅವಳ ಮನಸ್ಸು ಕೇಳಲಿಲ್ಲ. ಅವಳು ತಾನು ಮೆಚ್ಚಿದವನನ್ನೇ ಗುಟ್ಟಾಗಿ ಮದುವೆಯಾಗಿ ಬಂದು ನಿಲ್ಲುತ್ತಾಳೆ. ಅದನ್ನೂ ಅವನು ಒಪ್ಪಿ ಹರಸುತ್ತಾನೆ. ಆಮೇಲೆ ಎಲ್ಲರೂ ಮನೆಗೆ ಹೋಗಿ, ಒಲೆಯ ಮುಂದೆ ಕೂತು ಇದನ್ನೆಲ್ಲ ನೆನೆದು ನಗೋಣ ಎಂದು ಪೇಜ್‌ನ ಹೆಂಡತಿ ಕರೆಯುತ್ತಾಳೆ, ಕೆಸರಿಗೆ ಬಿದ್ದೆದ್ದ ಫಾಲ್‌ಸ್ಟಾಫ್‌ನನ್ನೂ ಸೇರಿಸಿ. ಆ ನಗುವಿನಲ್ಲಿ ಫೋರ್ಡ್‌ಗೂ ಜಾಗ ಸಿಕ್ಕಿತು, ಯಾಕೆಂದರೆ ಸತ್ಯ ತಿಳಿದ ದಿನವೇ ಅವನು ಹುಡುಕುವುದನ್ನು ನಿಲ್ಲಿಸಿದ.